ಹಲಗೆ ಒಂದೇ, ನಿಯಮ ಎರಡು
(ಸಂಘದ ಸಭೆಗೆ ಒಂದು ಆಟದ ಪಾಠ)



ಬೇಸಿಗೆ ರಜೆ ಬಂತೆಂದರೆ ಮನೆಯ ಜಗಲಿಯಲ್ಲಿ ಮಕ್ಕಳು ‘ಬಿಸಿನೆಸ್’ ಆಟದ ಹಲಗೆ ಹರಡಿಕೊಂಡು ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ದಾಳ ಹಾಕುವುದು, ಮುಂಬಯಿ, ದೆಹಲಿ, ಬೆಂಗಳೂರುಗಳನ್ನು ಕೊಳ್ಳುವುದು, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲಿ ಮಾಡುವುದು. ಸಂಜೆಯ ಹೊತ್ತಿಗೆ ಒಬ್ಬನ ಮುಂದೆ ನೋಟಿನ ರಾಶಿ, ಉಳಿದವರ ಕೈ ಖಾಲಿ. ಗೆದ್ದವನು ಕುಣಿಯುತ್ತಾನೆ, ಸೋತವನು ಮುಖ ಊದಿಸಿಕೊಳ್ಳುತ್ತಾನೆ. “ಆಟ ತಾನೇ, ಬಿಡು ಮಗಾ” ಅಂತ ಹೇಳಿ ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ.

ಈ ಆಟದ ಮೂಲ ಅಮೆರಿಕದ್ದು. ಅದನ್ನು ಮೊದಲು ಕಟ್ಟಿದವರು ಒಬ್ಬ ಹೆಣ್ಣುಮಗಳು. ಒಬ್ಬರು ಗೆದ್ದು ಎಲ್ಲರೂ ಸೋಲುವ ಆಟ ಎಷ್ಟು ಅನ್ಯಾಯದ್ದು ಅಂತ ಜನರಿಗೆ ತೋರಿಸುವುದಕ್ಕೇ ಅವರು ಇದನ್ನು ಕಟ್ಟಿದರು. ಅದೇ ಹಲಗೆಯ ಮೇಲೆ ಎಲ್ಲರೂ ಸೇರಿ ಗೆಲ್ಲುವ ಇನ್ನೊಂದು ಆಟವನ್ನೂ ಅವರು ಕೊಟ್ಟಿದ್ದರು. ಆ ಎರಡನೆಯ ಆಟ ಕಾಲಕ್ರಮದಲ್ಲಿ ಮೂಲೆ ಸೇರಿತು, ಮೊದಲನೆಯದು ಲೋಕವೆಲ್ಲ ಹಬ್ಬಿತು. ಈ ಪಾಠದಲ್ಲಿ ಆ ಎರಡೂ ಆಟಗಳ ಕಥೆ ತಿಳಿದು, ನಮ್ಮ ಸಂಘದಲ್ಲೇ ಎರಡನ್ನೂ ಆಡಿ ನೋಡೋಣ.

ಪಾಠದ ಉದ್ದೇಶ

1. ಬಡತನ ಬರೀ ಹಣೆಬರಹದಿಂದಲೋ ಸೋಮಾರಿತನದಿಂದಲೋ ಬರುತ್ತದೆ ಎಂಬ ಮಾತನ್ನು ಪರೀಕ್ಷಿಸಿ ನೋಡುವುದು.
2. ಸಮಾಜದ ನಿಯಮಗಳನ್ನು ಮನುಷ್ಯರೇ ಮಾಡಿದ್ದು, ಮನುಷ್ಯರೇ ಬದಲಿಸಬಹುದು ಎಂಬುದನ್ನು ಅರಿಯುವುದು.
3. ನಮ್ಮ ಸಂಘದ ನಿಯಮಗಳಲ್ಲಿ ಒಂದನ್ನಾದರೂ ಈ ಕಣ್ಣಿನಿಂದ ನೋಡುವುದು.

ಲಿಜ್ಜಿ ಮ್ಯಾಗೀ ಎಂಬ ಹೆಣ್ಣುಮಗಳು

ಎಲಿಜಬೆತ್ ಮ್ಯಾಗೀ 1866ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು. ಎಲ್ಲರೂ ಲಿಜ್ಜಿ ಅಂತಲೇ ಕರೆಯುತ್ತಿದ್ದರು. ತಂದೆ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿಯನ್ನು ವಿರೋಧಿಸಿದವರು. ಲಿಜ್ಜಿ ಶೀಘ್ರಲಿಪಿ ಕಲಿತು ಕಚೇರಿಯಲ್ಲಿ ದುಡಿದು ತಮ್ಮ ಹೊಟ್ಟೆ ತಾವೇ ಹೊರೆದುಕೊಂಡರು. ಹೆಣ್ಣುಮಕ್ಕಳಿಗೆ ಸಿಗುತ್ತಿದ್ದ ಸಂಬಳ ಬದುಕಲು ಸಾಲದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1906ರಲ್ಲಿ ಅವರು ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟರು: ತಾನು ಒಬ್ಬ ಅಮೆರಿಕನ್ ಗುಲಾಮಳು, ಹೆಚ್ಚು ಬೆಲೆ ಕೊಟ್ಟವರಿಗೆ ಮಾರಾಟಕ್ಕಿದ್ದೇನೆ ಅಂತ. ಊರೆಲ್ಲ ಗುಲ್ಲಾಯಿತು. ದುಡಿಯುವ ಹೆಣ್ಣಿನ ಸ್ಥಿತಿ ಹೀಗಿದೆ ಅಂತ ತೋರಿಸುವುದೇ ಅವರ ಉದ್ದೇಶವಾಗಿತ್ತು.

ಅವರ ಮೇಲೆ ಗಾಢ ಪ್ರಭಾವ ಬೀರಿದವರು ಹೆನ್ರಿ ಜಾರ್ಜ್ ಎಂಬ ಚಿಂತಕರು. 1879ರಲ್ಲಿ ಅವರು ‘ಪ್ರಗತಿ ಮತ್ತು ಬಡತನ’ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ದೇಶ ಮುಂದುವರಿದಂತೆಲ್ಲ ಬಡವರೂ ಹೆಚ್ಚುತ್ತಾರಲ್ಲ, ಯಾಕೆ? ಇದೇ ಅವರ ಪ್ರಶ್ನೆ. ಅವರು ಕಂಡುಕೊಂಡ ಉತ್ತರವನ್ನು ನಮ್ಮ ಊರಿನ ಲೆಕ್ಕದಲ್ಲಿ ಹೀಗೆ ಹೇಳಬಹುದು. ಒಬ್ಬರಿಗೆ ರಸ್ತೆ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ ಇದೆ ಅಂತಿಟ್ಟುಕೊಳ್ಳಿ. ಅವರು ಅಲ್ಲಿ ಒಂದು ತೆಂಗಿನ ಸಸಿಯನ್ನೂ ನೆಟ್ಟಿಲ್ಲ. ಆದರೆ ರಸ್ತೆಗೆ ಡಾಮರು ಬಿತ್ತು, ಬಸ್ಸು ಬಂತು, ಶಾಲೆ ಬಂತು, ಜನ ಬಂದು ನೆಲೆಸಿದರು. ಜಾಗದ ಬೆಲೆ ಹತ್ತು ಪಟ್ಟು ಏರಿತು. ಈ ಬೆಲೆಯನ್ನು ಏರಿಸಿದವರು ಯಾರು? ಇಡೀ ಊರು. ಲಾಭ ಯಾರ ಜೇಬಿಗೆ? ಒಬ್ಬರ ಜೇಬಿಗೆ.

ದುಡಿದು ಮಾಡಿದ್ದು ದುಡಿದವರಿಗೇ ಸೇರಬೇಕು, ಭೂಮಿಯನ್ನು ಮಾತ್ರ ಯಾರೂ ದುಡಿದು ಮಾಡಿದ್ದಲ್ಲ ಎನ್ನುವುದು ಜಾರ್ಜ್ ವಾದ. ಆದ್ದರಿಂದ ಬರೀ ನೆಲದ ಬೆಲೆಯಿಂದ ಬರುವ ಗೇಣಿಯನ್ನು ತೆರಿಗೆಯಾಗಿ ಸಾರ್ವಜನಿಕ ಖಜಾನೆಗೆ ತೆಗೆದುಕೊಳ್ಳಬೇಕು, ದುಡಿಮೆಯ ಮೇಲೆ ಹಾಕುವ ಬೇರೆಲ್ಲ ತೆರಿಗೆಗಳನ್ನು ಬಿಡಬೇಕು ಅಂತ ಅವರು ಹೇಳಿದರು. ಇದಕ್ಕೆ ‘ಒಂದೇ ತೆರಿಗೆ’ ಎಂಬ ಹೆಸರು ಬಿತ್ತು. ರಷ್ಯಾದ ಟಾಲ್‌ಸ್ಟಾಯ್‌ರಂಥವರು ಈ ವಿಚಾರವನ್ನು ಬಹಳವಾಗಿ ಮೆಚ್ಚಿಕೊಂಡಿದ್ದರು. ಇದನ್ನು ನಾವೆಲ್ಲ ಒಪ್ಪಲೇಬೇಕು ಅಂತೇನಿಲ್ಲ. ಲಿಜ್ಜಿಯವರು ಯಾವ ಮಾತನ್ನು ಆಟವಾಗಿ ಮಾಡಿದರು ಎಂಬುದು ತಿಳಿದಿದ್ದರೆ ಸಾಕು.

ಭಾಷಣದಿಂದ ಆಟಕ್ಕೆ

ದಪ್ಪ ಪುಸ್ತಕ ಓದುವ ಪುರುಸೊತ್ತು ದುಡಿಯುವ ಜನರಿಗೆ ಎಲ್ಲಿದೆ? ಭಾಷಣ ಕೇಳಿದವರು ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಆಡಿದ್ದನ್ನು ಮಾತ್ರ ಯಾರೂ ಬೇಗ ಮರೆಯುವುದಿಲ್ಲ. ಲಿಜ್ಜಿ ರಾತ್ರಿ ಹೊತ್ತು ಕೂತು ಒಂದು ಹಲಗೆ ಬರೆದರು, 1903ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1904ರ ಜನವರಿ 5ರಂದು ಪೇಟೆಂಟ್ ಸಿಕ್ಕಿತು. ಹೆಸರು ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’, ಅಂದರೆ ಭೂಮಾಲೀಕನ ಆಟ.

ಹಲಗೆಯ ನಾಲ್ಕು ಬದಿಯಲ್ಲಿ ಮಾರಾಟದ ಜಾಗಗಳು, ರೈಲು, ದೀಪ, ನೀರಿನಂಥ ಮನೆಗಳು. ಒಂದು ಮೂಲೆಯಲ್ಲಿ ಭೂಮಿತಾಯಿ. ಆ ಮೂಲೆ ದಾಟಿದಾಗಲೆಲ್ಲ ಆಟಗಾರರಿಗೆ ದುಡಿಮೆಯ ಕೂಲಿ 100 ಡಾಲರ್. ಇನ್ನೊಂದು ಮೂಲೆಯಲ್ಲಿ ಒಬ್ಬ ದೊಡ್ಡ ಧಣಿಯ ಬೇಲಿ ಹಾಕಿದ ಜಮೀನು. ಅದರೊಳಗೆ ಕಾಲಿಟ್ಟರೆ ಸೀದಾ ಜೈಲು. ಮತ್ತೊಂದು ಮೂಲೆಯಲ್ಲಿ ಸಾರ್ವಜನಿಕ ಉದ್ಯಾನ, ಜೊತೆಗೆ ದಿವಾಳಿಯಾದವರು ಸೇರುವ ಬಡವರ ಛತ್ರ.

ಈ ಹಲಗೆಗೆ ಅವರು ಎರಡು ಬಗೆಯ ನಿಯಮ ಕೊಟ್ಟರು. ಮೊದಲನೆಯದರಲ್ಲಿ ಜಾಗ ಕೊಂಡವರಿಗೆ ಗೇಣಿ. ಉಳಿದವರನ್ನೆಲ್ಲ ದಿವಾಳಿ ಮಾಡಿದವರು ಗೆದ್ದ ಹಾಗೆ. ಎರಡನೆಯದರ ಹೆಸರು ‘ಸಮೃದ್ಧಿ’. ಇದರಲ್ಲಿ ನೆಲದ ಗೇಣಿ ಸಾರ್ವಜನಿಕ ಖಜಾನೆಗೆ ಹೋಗುತ್ತದೆ, ಅದರ ಪ್ರಯೋಜನ ಎಲ್ಲರಿಗೂ ಸಿಗುತ್ತದೆ. ಎಲ್ಲರಿಗಿಂತ ಕಡಿಮೆ ಹಣದಿಂದ ಆಟ ಆರಂಭಿಸಿದವರ ಹಣ ಎರಡು ಪಟ್ಟಾದಾಗ ಆಟ ಮುಗಿಯುತ್ತದೆ, ಎಲ್ಲರೂ ಗೆಲ್ಲುತ್ತಾರೆ. ಊರು ಗೆದ್ದಿತೋ ಇಲ್ಲವೋ ಎಂದು ಅಳೆಯುವುದಕ್ಕೆ ಎಲ್ಲರಿಗಿಂತ ಬಡವರ ಕೈಯನ್ನು ನೋಡಬೇಕು. ಇದನ್ನು ಎರಡು ಸಲ ಓದಿ, ಸಭೆಯಲ್ಲೂ ಎರಡು ಸಲ ಹೇಳಿ.

ಇಂಥ ಊರನ್ನು ನಿಜವಾಗಿ ಕಟ್ಟಲು ಹೊರಟವರೂ ಇದ್ದರು. 1900ರಲ್ಲಿ ಡೆಲವೇರ್ ರಾಜ್ಯದಲ್ಲಿ ಜಾರ್ಜ್ ವಿಚಾರ ನಂಬಿದವರು ಆರ್ಡನ್ ಎಂಬ ಹಳ್ಳಿ ಕಟ್ಟಿದರು. ಅಲ್ಲಿ ನೆಲ ಯಾರದ್ದೂ ಸ್ವಂತವಲ್ಲ, ಇಡೀ ಊರಿನ ಪರವಾಗಿ ಒಂದು ಟ್ರಸ್ಟಿನ ಹೆಸರಿನಲ್ಲಿದೆ. ಜನ 99 ವರ್ಷದ ಗುತ್ತಿಗೆಯ ಮೇಲೆ ಮನೆ ಕಟ್ಟಿಕೊಂಡು, ನೆಲದ ಬಾಡಿಗೆಯನ್ನು ಊರಿಗೆ ಕೊಡುತ್ತಾರೆ. ಲಿಜ್ಜಿಯವರ ಆಟ ಆರಂಭದ ದಿನಗಳಲ್ಲಿ ಈ ಊರಿನಲ್ಲಿ ಆಡಲ್ಪಟ್ಟಿತು. ಆರ್ಡನ್ ಇಂದಿಗೂ ಇದೆ.

ಅರ್ಧ ಆಟ ಕಳೆದುಹೋದ ಕಥೆ

ಆಟ ಕೈಯಿಂದ ಕೈಗೆ ಹೋಯಿತು. ಜನ ತಾವೇ ಹಲಗೆ ಬರೆದುಕೊಂಡು, ತಮ್ಮ ಊರಿನ ಬೀದಿಗಳ ಹೆಸರು ಹಾಕಿಕೊಂಡು ಆಡಿದರು. ಹೀಗೆ ಹೋಗುತ್ತಾ ಹೋಗುತ್ತಾ ದಿವಾಳಿ ಮಾಡುವ ಆಟವೇ ಉಳಿಯಿತು, ಸಮೃದ್ಧಿ ಬಿಟ್ಟುಹೋಯಿತು. ಚಾರ್ಲ್ಸ್ ಡ್ಯಾರೋ ಎಂಬಾತ ಸ್ನೇಹಿತರ ಮನೆಯಲ್ಲಿ ಇದನ್ನು ಕಲಿತು, ‘ಮೊನೊಪೊಲಿ’ ಎಂಬ ಹೆಸರಿನಲ್ಲಿ ತನ್ನದೇ ಎಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. ಅವನು ಶ್ರೀಮಂತನಾದ. ಅದೇ ವರ್ಷ ಕಂಪನಿ ಲಿಜ್ಜಿಯವರ ಪೇಟೆಂಟನ್ನೂ 500 ಡಾಲರಿಗೆ ಕೊಂಡಿತು. ಮಾರಾಟದ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. 1936ರಲ್ಲಿ ಅವರು ಪತ್ರಿಕೆಗಳ ಮುಂದೆ ತಮ್ಮ ಹಳೆಯ ಹಲಗೆ ಹಿಡಿದು ಸತ್ಯ ಹೇಳಿದರು. ಹೆಚ್ಚು ಜನ ಕಿವಿಗೊಡಲಿಲ್ಲ. 1948ರಲ್ಲಿ ತೀರಿಕೊಂಡರು.

ಸತ್ಯ ಹೊರಬಂದದ್ದು ಬಹಳ ತಡವಾಗಿ. ರಾಲ್ಫ್ ಆನ್ಸ್‌ಪ್ಯಾಕ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್ 1973ರಲ್ಲಿ ‘ಆಂಟಿ-ಮೊನೊಪೊಲಿ’ ಎಂಬ ಆಟ ತಂದರು. ಹೆಸರಿನ ಬಗ್ಗೆ ಕಂಪನಿಯೊಂದಿಗೆ ವ್ಯಾಜ್ಯವಾಯಿತು. ಕೇಸಿಗಾಗಿ ಹುಡುಕುತ್ತಾ ಹೋದಾಗ ಲಿಜ್ಜಿಯವರ ಪೇಟೆಂಟ್ ಅವರ ಕೈಗೆ ಸಿಕ್ಕಿತು. 1983ರವರೆಗೆ ನಡೆದ ಆ ಕೇಸಿನಿಂದಾಗಿ ಆಟದ ನಿಜವಾದ ಮೂಲ ಜನರಿಗೆ ತಿಳಿಯಿತು.

ನಾವು ಆಡೋಣ

ಮೂಲ ಆಟದ ಹಲಗೆ ನಮಗೆ ಬೇಕಾಗಿಲ್ಲ. ಅದೇ ತತ್ವದ ಮೇಲೆ ಸಂಘದ ಸಭೆಗೆ ಹೊಂದುವ ಸರಳ ಆಟವನ್ನು ಕೆಳಗೆ ಕೊಟ್ಟಿದೆ. ಐದು ಜನ ಆಡಬಹುದು, ಉಳಿದವರು ಸುತ್ತ ಕೂತು ನೋಡಲಿ. ಎರಡೂ ಆಟಕ್ಕೆ ಸೇರಿ ಸುಮಾರು ಒಂದೂವರೆ ಗಂಟೆ ಬೇಕು.

ಬೇಕಾಗುವ ಸಾಮಗ್ರಿ: ಒಂದು ದೊಡ್ಡ ಚಾರ್ಟ್ ಕಾಗದ, ಸ್ಕೆಚ್ ಪೆನ್, ಒಂದು ದಾಳ, ಸುಮಾರು 250 ಹುಣಸೆ ಬೀಜ (ಇದೇ ಹಣ), ಆಟಗಾರರಿಗೆ ಒಂದೊಂದು ಬಣ್ಣದ ಬಟನ್, ಜಾಗದ ಗುರುತಿಗೆ ಬಣ್ಣದ ಕಾಗದದ ಚೂರು, ಒಂದು ತಟ್ಟೆ, ಒಂದು ಡಬ್ಬಿ.

ಹಲಗೆ: ಚಾರ್ಟಿನ ಅಂಚಿಗೆ ಸುತ್ತಲೂ 16 ಮನೆ ಬರೆಯಿರಿ. ನಾಲ್ಕು ಮೂಲೆಗಳಿಗೆ ಭೂಮಿತಾಯಿ, ಆಸ್ಪತ್ರೆ, ಅರಳಿಕಟ್ಟೆ, ಶಾಲೆ ಎಂದು ಹೆಸರಿಡಿ. ಉಳಿದ 12 ಮನೆ ಗದ್ದೆ, ತೋಟ, ಅಂಗಡಿ ಜಾಗ. ನಿಮ್ಮ ಊರಿನಲ್ಲಿ ಬಳಕೆಯಲ್ಲಿರುವ ಜಾಗದ ಹೆಸರುಗಳನ್ನೇ ಹಾಕಿ, ಬದುಕಿರುವವರ ಹೆಸರು ಬೇಡ.

ಎರಡೂ ಆಟಕ್ಕೆ ಸಮಾನ ನಿಯಮ: ಚೀಟಿ ಎತ್ತಿ ಒಬ್ಬರಿಗೆ 30 ಬೀಜ, ಮೂವರಿಗೆ 20, ಒಬ್ಬರಿಗೆ 10 ಕೊಡಿ. ಲೋಕದಲ್ಲಿ ಎಲ್ಲರೂ ಸಮನಾಗಿ ಆರಂಭಿಸುವುದಿಲ್ಲ ತಾನೇ? ಭೂಮಿತಾಯಿಯಿಂದ ಹೊರಟು ದಾಳ ಬಿದ್ದಷ್ಟು ಮನೆ ನಡೆಯಬೇಕು. ಒಂದು ಸುತ್ತು ಮುಗಿಸಿ ಭೂಮಿತಾಯಿ ದಾಟಿದಾಗಲೆಲ್ಲ ಡಬ್ಬಿಯಿಂದ 5 ಬೀಜ ಕೂಲಿ. ಆಸ್ಪತ್ರೆಗೆ ಅಥವಾ ಶಾಲೆಗೆ ಬಂದರೆ 2 ಬೀಜ ಡಬ್ಬಿಗೆ ಕಟ್ಟಬೇಕು. ಅರಳಿಕಟ್ಟೆಯಲ್ಲಿ ಸುಮ್ಮನೆ ವಿಶ್ರಾಂತಿ.

ಮೊದಲ ಆಟ: ಖಾಲಿ ಜಾಗಕ್ಕೆ ಬಂದವರು ಬೇಕಿದ್ದರೆ 10 ಬೀಜವನ್ನು ಡಬ್ಬಿಗೆ ಹಾಕಿ ಅದನ್ನು ಕೊಂಡು ಗುರುತು ಇಡಬಹುದು. ಇನ್ನೊಬ್ಬರ ಜಾಗಕ್ಕೆ ಬಂದವರು ಮಾಲೀಕರಿಗೆ 3 ಬೀಜ ಗೇಣಿ ಕೊಡಬೇಕು. ಕೊಡಲಾಗದವರು ಆಟದಿಂದ ಹೊರಗೆ, ಆದರೆ ಎದ್ದು ಹೋಗಬಾರದು, ಅಲ್ಲೇ ಕೂತು ನೋಡಬೇಕು. ಮೂವರು ಹೊರಬಿದ್ದಾಗ ಅಥವಾ 40 ನಿಮಿಷವಾದಾಗ ಆಟ ನಿಲ್ಲಿಸಿ.

ಎರಡನೆಯ ಆಟ: ಬೀಜಗಳನ್ನು ಮೊದಲಿನಂತೆಯೇ ಹಂಚಿ. ಕಳೆದ ಸಲ 30 ಸಿಕ್ಕವರಿಗೆ ಈ ಸಲ 10 ಬರಲಿ. ಖಾಲಿ ಜಾಗಕ್ಕೆ ಬಂದವರು ಬೆಲೆ ಕೊಡದೆ ಗುರುತು ಇಡಬಹುದು, ಅದು ಅವರ ಸಾಗುವಳಿಗೆ. ಗುರುತಿರುವ ಜಾಗಕ್ಕೆ ಯಾರು ಬಂದರೂ, ಸಾಗುವಳಿ ಮಾಡುವವರೇ ಬಂದರೂ, 3 ಬೀಜ ನಡುವಿನ ತಟ್ಟೆಗೆ. ಕೊಡಲಾಗದವರನ್ನು ಹೊರಗೆ ಹಾಕುವಂತಿಲ್ಲ. ಬಾಕಿ ಬರೆದಿಟ್ಟು ಮುಂದೆ ಬರುವ ಕೂಲಿಯಿಂದಲೋ ಪಾಲಿನಿಂದಲೋ ಮುರಿದುಕೊಳ್ಳಿ. ತಟ್ಟೆಯಲ್ಲಿ 20 ಬೀಜ ಆದಾಗಲೆಲ್ಲ ಆಟ ನಿಲ್ಲಿಸಿ, ಐವರೂ ಸಭೆ ಸೇರಿ ಮೂರರಲ್ಲಿ ಒಂದನ್ನು ತೀರ್ಮಾನಿಸಬೇಕು: ಆಸ್ಪತ್ರೆಯನ್ನು ಎಲ್ಲರಿಗೂ ಉಚಿತ ಮಾಡುವುದು, ಶಾಲೆಯನ್ನು ಉಚಿತ ಮಾಡುವುದು, ಅಥವಾ ತಲಾ 4 ಬೀಜ ಹಂಚಿಕೊಳ್ಳುವುದು. ಆಸ್ಪತ್ರೆ, ಶಾಲೆ ಎರಡೂ ಉಚಿತವಾಗಿ, 10 ಬೀಜದವರ ಕೈಯಲ್ಲಿ ಬಾಕಿ ಕಳೆದು 20 ಆಗಿ, ಉಳಿದ ಯಾರ ಕೈಯೂ ಖಾಲಿ ಇಲ್ಲದಿದ್ದರೆ ಐವರೂ ಗೆದ್ದ ಹಾಗೆ.

ಪ್ರೇರಕರ ಗಮನಕ್ಕೆ

ಮೊದಲ ಆಟ ಮುಗಿದ ಕೂಡಲೇ ಹೊರಬಿದ್ದವರನ್ನು ಮೊದಲು ಮಾತನಾಡಿಸಿ. “ನೀವು ಯಾಕೆ ಸೋತಿರಿ?” ಅಂತ ಕೇಳಿ. “ನನ್ನ ದಾಳವೇ ಸರಿ ಇಲ್ಲ, ನನ್ನ ಹಣೆಬರಹ” ಅಂತ ಯಾರಾದರೂ ಹೇಳಬಹುದು. ಆಗ ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿ. ಒಂದು ಸುತ್ತಿಗೆ ನಾವು ಹೆಚ್ಚುಕಡಿಮೆ ನಾಲ್ಕೈದು ಮನೆಗಳಲ್ಲಿ ನಿಲ್ಲುತ್ತೇವೆ. ಜಾಗಗಳೆಲ್ಲ ಮಾರಾಟವಾದ ಮೇಲೆ, ಜಾಗ ಇಲ್ಲದವರು ಅದರಲ್ಲಿ ಮೂರು ಸಲವಾದರೂ ಬೇರೆಯವರ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಗೇಣಿ ಮೂರು ಮೂರಲ ಒಂಬತ್ತು. ಕೂಲಿ ಐದು. ಪ್ರತಿ ಸುತ್ತಿಗೆ ನಾಲ್ಕು ಬೀಜ ನಷ್ಟ. ಕೈಯಲ್ಲಿ 20 ಇದ್ದವರು ಐದು ಸುತ್ತಿನಲ್ಲಿ ಬರಿಗೈ. ಅವರು ಒಂದು ಸಲವೂ ಸೋಮಾರಿಯಾಗಿ ಕೂತಿಲ್ಲ, ಪ್ರತಿ ಸುತ್ತನ್ನೂ ನಡೆದಿದ್ದಾರೆ, ದುಡಿದಿದ್ದಾರೆ. ದಾಳ ಎಷ್ಟೇ ಚೆನ್ನಾಗಿ ಬಿದ್ದರೂ ಈ ಲೆಕ್ಕವನ್ನು ಬಹಳ ದಿನ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಎರಡನೆಯ ಆಟದಲ್ಲಿ ಕೆಲವರು “ಇದರಲ್ಲಿ ಮಜಾ ಇಲ್ಲ” ಅನ್ನಬಹುದು. ಅವರನ್ನು ಗದರಿಸಬೇಡಿ, ಆ ಮಾತೂ ಬೇಕು. ಇನ್ನೊಬ್ಬರನ್ನು ಸೋಲಿಸುವುದರಲ್ಲಿ ನಮಗೆಲ್ಲ ಒಂದು ಖುಷಿ ಇದೆ. ಲಿಜ್ಜಿಯವರ ಆಟದ ಒಂದು ಅರ್ಧ ಮರೆತುಹೋದದ್ದಕ್ಕೆ ಅದೂ ಒಂದು ಕಾರಣ ಇರಬಹುದೇ ಅಂತ ಕೇಳಿ. ಹಾಗೆಯೇ, ತಟ್ಟೆಯ ಸುತ್ತ ನಡೆಯುವ ಜಗಳವನ್ನು ಚೆನ್ನಾಗಿ ಗಮನಿಸಿ. “ಮೊದಲು ಹಂಚಿಬಿಡಿ, ನನ್ನ ಕೈಯಲ್ಲಿ ಏನೂ ಇಲ್ಲ” ಎನ್ನುವವರು ಒಂದು ಕಡೆ, “ಆಸ್ಪತ್ರೆ ಆಗಲಿ, ಆಮೇಲೆ ಹಂಚೋಣ” ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಒಳ್ಳೆಯ ಸಮಾಜ ಕಟ್ಟುವುದು ಅಂದರೆ ಇಂಥ ಸಭೆಗಳಲ್ಲಿ ಕೂತು ಒಬ್ಬರ ಮಾತು ಒಬ್ಬರು ಕೇಳುವುದು.

ತಟ್ಟೆ ಯಾರ ಬಳಿ ಇತ್ತು, ಎಣಿಸಿದವರು ಯಾರು ಅಂತಲೂ ಕೇಳಿ. ಸಾರ್ವಜನಿಕ ಖಜಾನೆ ಅಂದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಲೆಕ್ಕ ಕೇಳುವವರು ಇಲ್ಲದಿದ್ದರೆ ತಟ್ಟೆ ಹಿಡಿದವರೇ ಹೊಸ ಧಣಿ.

ನಮ್ಮ ನಾಡಿನ ನೆನಪು

ಗೇಣಿಯ ಮಾತು ನಮಗೆ ಹೊಸದಲ್ಲ. ಮನೆಯ ಹಿರಿಯರನ್ನು ಕೇಳಿದರೆ, ಬೆಳೆದ ಭತ್ತದಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ಮನೆಗೆ ಉಳಿಯುತ್ತಿದ್ದುದು ಎಷ್ಟು ಎಂದು ಹೇಳಿಯಾರು. ಕರ್ನಾಟಕದ 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಬಲವಾದ ತಿದ್ದುಪಡಿ ಬಂತು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯ ಮಂಡಳಿಯ ಮುಂದೆ ನಿಂತು, ಉಳುತ್ತಿದ್ದ ಭೂಮಿಗೆ ಒಡೆಯರಾದರು. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿಯಲ್ಲಿ ಇದರಿಂದ ಎಷ್ಟೋ ಮನೆಗಳ ಬದುಕೇ ಬದಲಾಯಿತು. ನೆಲ ಅದೇ, ಮಳೆ ಅದೇ, ಎತ್ತು ಅದೇ. ಬದಲಾದದ್ದು ನಿಯಮ.

ಆದರೆ ಆ ನಿಯಮದ ಹೊರಗೆ ಉಳಿದವರೂ ಇದ್ದರು. ಗೇಣಿ ಚೀಟಿ ಇಲ್ಲದ ಕೂಲಿಕಾರರಿಗೆ ಉಳುವ ಭೂಮಿ ಸಿಗಲಿಲ್ಲ. ಗಂಡನ ಜೊತೆ ಗದ್ದೆಗಿಳಿದು ನೇಜಿ ನೆಟ್ಟ ಹೆಂಗಸರ ಹೆಸರು ಹೆಚ್ಚಿನ ಹಕ್ಕುಪತ್ರಗಳಲ್ಲಿ ಬರಲಿಲ್ಲ. ಹಲಗೆಯ ಸುತ್ತ ಕೂರಲು ಜಾಗ ಸಿಗದವರು ನಿಯಮ ಬದಲಾದರೂ ನೋಡುತ್ತಲೇ ಉಳಿಯುತ್ತಾರೆ. ನಿಯಮ ಒಂದು ಸಲ ಬದಲಾದರೆ ಹಾಗೆಯೇ ನಿಲ್ಲುತ್ತದೆ ಎನ್ನುವಂತೆಯೂ ಇಲ್ಲ. ಇದೇ ಕಾಯ್ದೆಗೆ 2020ರಲ್ಲಿ ಮತ್ತೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿಯಾಯಿತು.

ಚರ್ಚೆಗೆ ಪ್ರಶ್ನೆಗಳು

1. ಮೊದಲ ಆಟದಲ್ಲಿ 30 ಬೀಜ ಸಿಕ್ಕವರಿಗೆ ಆಡುವಾಗ ಏನನಿಸಿತು? 10 ಸಿಕ್ಕವರಿಗೆ? ಎರಡನೆಯ ಆಟದಲ್ಲಿ ಆ ಭಾವನೆ ಬದಲಾಯಿತೇ?
2. ಎರಡು ಆಟಗಳ ನಡುವೆ ಆಟಗಾರರ ಗುಣ ಬದಲಾಯಿತೋ, ನಿಯಮ ಬದಲಾಯಿತೋ?
3. ನಮ್ಮ ಊರಿನಲ್ಲಿ ಎಲ್ಲರಿಗೂ ಸೇರಿದ ಆಸ್ತಿ ಯಾವುದೆಲ್ಲ? ಕೆರೆ, ಗೋಮಾಳ, ಶಾಲೆ, ದಾರಿ. ಅದರ ಪ್ರಯೋಜನ ಯಾರಿಗೆ ಸಿಗುತ್ತಿದೆ?
4. ಈ ಆಟದ ಹಲಗೆಯಲ್ಲಿ ಜಾತಿ ಇಲ್ಲ, ಗಂಡು ಹೆಣ್ಣು ಭೇದ ಇಲ್ಲ. ಅವನ್ನೂ ಸೇರಿಸಿದರೆ ನಿಯಮ ಹೇಗಿರುತ್ತಿತ್ತು?
5. ನಮ್ಮ ಸಂಘದಲ್ಲಿ ಸಾಲ ಮೊದಲು ಯಾರಿಗೆ ಸಿಗುತ್ತದೆ? ಕೆಲವು ಸಂಘಗಳಲ್ಲಿ ಉಳಿತಾಯ ಹೆಚ್ಚಿದ್ದವರಿಗೆ ಹೆಚ್ಚು ಸಾಲ, ಕಡಿಮೆ ಇದ್ದವರಿಗೆ ಕಡಿಮೆ. ಹಾಗಾದರೆ ಎಲ್ಲರಿಗಿಂತ ಹೆಚ್ಚು ಅಗತ್ಯ ಇರುವವರಿಗೆ ಎಲ್ಲರಿಗಿಂತ ಕಡಿಮೆ ಸಿಕ್ಕಿತಲ್ಲವೇ?

ಕ್ರಿಯಾ ಯೋಜನೆ

ಐದನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ದೇಶದ ಕಾಯ್ದೆ ಬದಲಿಸುವುದು ಇಂದಿನ ಸಭೆಯಲ್ಲಿ ಆಗದು. ಸಂಘದ ನಿಯಮ ಮಾತ್ರ ನಮ್ಮ ಕೈಯಲ್ಲೇ ಇದೆ. ಸಾಲದ ಸರದಿ, ದಂಡ, ಬಡ್ಡಿಯ ಲಾಭ ಹಂಚುವ ರೀತಿ, ಕಾಯಿಲೆ ಬಂದವರಿಗೆ ಕಂತಿನ ವಿನಾಯಿತಿ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ನಮ್ಮ ಸಂಘದಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವ ಸದಸ್ಯೆಗೆ ಈ ನಿಯಮದಿಂದ ಒಂದು ವರ್ಷದಲ್ಲಿ ಒಳ್ಳೆಯದಾಗಿದೆಯೇ, ಕೆಟ್ಟದಾಗಿದೆಯೇ ಎಂದು ಲೆಕ್ಕ ಪುಸ್ತಕ ತೆಗೆದು ನೋಡಿ. ಅವರ ಹೆಸರನ್ನು ಸಭೆಯಲ್ಲಿ ಎತ್ತಬೇಕಾಗಿಲ್ಲ, ಲೆಕ್ಕ ನೋಡಿದರೆ ಸಾಕು.

ಬದಲಾವಣೆ ಬೇಕೆಂದು ಎಲ್ಲರೂ ಒಪ್ಪಿದರೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಆರು ತಿಂಗಳ ನಂತರ ಅದೇ ಲೆಕ್ಕ ಪುಸ್ತಕವನ್ನು ಮತ್ತೆ ತೆಗೆದು ನೋಡಿ. ಸರಿ ಬರದಿದ್ದರೆ ಮತ್ತೆ ಬದಲಿಸಿ. ಬೀಜಗಳನ್ನೂ ಚಾರ್ಟನ್ನೂ ಜೋಪಾನವಾಗಿ ಇಡಿ, ಪಕ್ಕದ ಸಂಘದವರು ಕೇಳಿಯಾರು. ಮಕ್ಕಳಿಗೂ ಕೊಡಿ, ಆದರೆ ಎರಡೂ ಆಟಗಳನ್ನು ಕಲಿಸಿ ಕೊಡಿ.